ಕೀಮೋಗೆ ಹೆದರಿ ಗಂಟು ಮುಚ್ಚಿಡುವವರಿಗೆ

ಇವತ್ತು ರಾಜಕೀಯ ಬೇಡ. ಸ್ವಲ್ಪ ಹೊತ್ತು ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯ ಮಾತಾಡೋಣ. ರಿಮೋಟ್ ಕೈಯಲ್ಲಿ ಹಿಡಿದು ಕೂತಿರೋ ಗಂಡಸರು ದಯವಿಟ್ಟು ಚಾನೆಲ್ ಬದಲಾಯಿಸಬೇಡಿ. ಇದು ನಿಮಗೂ ಸೇರಿದ್ದು.

ನಮ್ಮ ದೊಡ್ಡಮ್ಮ ಅರಸೀಕೆರೆ ಕಡೆಯ ಹಳ್ಳಿಯವರು. ಒಂದು ಯುಗಾದಿ ಹಬ್ಬದ ದಿನ ಎಣ್ಣೆಸ್ನಾನ ಮಾಡುವಾಗ ಎದೆಯಲ್ಲಿ ಗಂಟೊಂದು ಅವರ ಕೈಗೆ ಸಿಕ್ಕಿತು. ಹುಣಸೆ ಬೀಜದಷ್ಟು. ನೋವಿರಲಿಲ್ಲ. ಯಾರಿಗೂ ಹೇಳಲಿಲ್ಲ. ದೀಪಾವಳಿಗೆ ನಾನು ಊರಿಗೆ ಹೋದಾಗ ಅಡುಗೆಮನೆ ಬಾಗಿಲು ಹಾಕಿ ನನಗೊಬ್ಬಳಿಗೆ ತೋರಿಸಿದರು. ಅಷ್ಟರಲ್ಲಿ ಅದು ನಿಂಬೆಹಣ್ಣಿನಷ್ಟಾಗಿತ್ತು. ಕಂಕುಳಲ್ಲೂ ಗಂಟು ಕಾಣಿಸಿಕೊಂಡಿತ್ತು.

"ಯಾಕೆ ದೊಡ್ಡಮ್ಮ, ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ಬೆಂಗ್ಳೂರಿಗೆ ಕರ್ಕೊಂಡು ಹೋಗಿ ಕೀಮೋ ಶುರು ಮಾಡ್ತೀರ ಕಣೇ. ಹಿಂದಿನ ಬೀದಿಯವಳನ್ನ ನೋಡಿದೀನಲ್ಲ, ತಲೇಲಿ ಒಂದು ಕೂದಲು ಉಳೀಲಿಲ್ಲ" ಅಂದರು.

ನೋಡಿ, ಅವರು ಹೆದರಿದ್ದು ಕ್ಯಾನ್ಸರ್‌ಗಲ್ಲ. ಚಿಕಿತ್ಸೆಗೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಆ ಭಯದ ಬಗ್ಗೆಯೇ.

2018ರಲ್ಲಿ ಟೈಲರ್‌ಎಕ್ಸ್ ಅನ್ನೋ ದೊಡ್ಡ ವೈದ್ಯಕೀಯ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಸ್ತನ ಕ್ಯಾನ್ಸರ್ ಆರಂಭದ ಹಂತದಲ್ಲೇ ಪತ್ತೆಯಾದ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಇವರೆಲ್ಲರದ್ದೂ ಹಾರ್ಮೋನ್‌ನಿಂದ ಬೆಳೆಯುವ ಗಡ್ಡೆ. ಹರ್ಟೂ ಅನ್ನೋ ಪ್ರೋಟೀನ್ ಹೆಚ್ಚಾಗಿಲ್ಲದ, ಕಂಕುಳಿಗೆ ಇನ್ನೂ ಹರಡದ ಗಡ್ಡೆ. ಆಪರೇಷನ್ ಮಾಡಿ ತೆಗೆದ ಆ ಗಡ್ಡೆಯ ಚೂರಿನಲ್ಲಿ 21 ಜೀನ್‌ಗಳು ಎಷ್ಟು ಚುರುಕಾಗಿವೆ ಅಂತ ನೋಡಿ, ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಟ್ಟರು. ಅಂಕ ಹೆಚ್ಚಿದ್ದಷ್ಟೂ ಕ್ಯಾನ್ಸರ್ ಮರಳಿ ಬರುವ ಅಪಾಯ ಹೆಚ್ಚು.

ಅಂಕ ತೀರಾ ಕಡಿಮೆ ಇದ್ದವರಿಗೆ ಕೀಮೋ ಕೊಡಲಿಲ್ಲ. 26 ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ಕೊಟ್ಟರು. ಗೊಂದಲ ಇದ್ದಿದ್ದು 11ರಿಂದ 25ರ ನಡುವಿನವರದ್ದು. ಹೆಚ್ಚಿನವರು ಇದ್ದಿದ್ದೂ ಅಲ್ಲೇ, 6,711 ಮಂದಿ. ಅವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೀಮೋ ಮತ್ತು ಹಾರ್ಮೋನ್ ಮಾತ್ರೆ, ಇನ್ನೊಂದಕ್ಕೆ ಹಾರ್ಮೋನ್ ಮಾತ್ರೆ ಅಷ್ಟೇ. ಒಂಬತ್ತು ವರ್ಷ ಆದಮೇಲೆ ಲೆಕ್ಕ ಹಾಕಿದರೆ ಏನಾಗಿತ್ತು ಗೊತ್ತಾ? ಕೀಮೋ ಇಲ್ಲದ ಗುಂಪಿನಲ್ಲಿ ಬದುಕಿದ್ದವರು ಶೇಕಡಾ 93.9. ಕೀಮೋ ಪಡೆದವರಲ್ಲಿ ಶೇಕಡಾ 93.8. ಅಂದರೆ, ವ್ಯತ್ಯಾಸವೇ ಇಲ್ಲ.

ಇದರ ಅರ್ಥ ಯೋಚನೆ ಮಾಡಿ. ಈ ಬಗೆಯ ಗಡ್ಡೆ ಇದ್ದು ಬೇಗ ಬಂದ ಎಷ್ಟೋ ಹೆಂಗಸರು ಇಷ್ಟು ವರ್ಷ ಬೇಡದ ಕೀಮೋ ತಗೊಂಡಿದ್ದರು. ಬೇಡದ ವಾಂತಿ, ಬೇಡದ ಸುಸ್ತು, ಬೇಡದ ಸಾಲ.

ಆದರೆ ಅವಸರದ ತೀರ್ಮಾನ ಬೇಡ. 50 ವರ್ಷದೊಳಗಿನವರಲ್ಲಿ, ಅಂಕ 16ರಿಂದ 25 ಇದ್ದವರಿಗೆ ಕೀಮೋದಿಂದ ಸ್ವಲ್ಪ ಲಾಭ ಕಂಡುಬಂತು. ಬೇರೆ ಬಗೆಯ ಸ್ತನ ಕ್ಯಾನ್ಸರ್‌ಗಳಿಗೆ ಈ ಲೆಕ್ಕ ಅನ್ವಯಿಸೋದೇ ಇಲ್ಲ. ಹಾರ್ಮೋನ್ ಮಾತ್ರೆಯನ್ನಂತೂ ಯಾರೂ ಬಿಡುವ ಹಾಗಿಲ್ಲ, ವರ್ಷಗಟ್ಟಲೆ ನುಂಗಬೇಕು. "ಟೀವೀಲಿ ಹೇಳಿದ್ರು, ಕೀಮೋ ಬೇಡವಂತೆ" ಅಂತ ಡಾಕ್ಟರ್ ಹತ್ತಿರ ಜಗಳಕ್ಕೆ ಹೋಗಬೇಡಿ. "ನನಗೆ ಕೀಮೋ ನಿಜವಾಗಲೂ ಬೇಕಾ? ಅದನ್ನು ತಿಳಿಯೋಕೆ ನನ್ನ ಬಗೆಯ ಗಡ್ಡೆಗೆ ಪರೀಕ್ಷೆ ಇದೆಯಾ?" ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು.

ನಾನು ಓದಿದ್ದು ಇಂಜಿನಿಯರಿಂಗ್. ಸಂಭವನೀಯತೆಯ ಲೆಕ್ಕ ನಮಗೆ ಕಲಿಸಿದ್ದರು. ಅಪಾಯ ನೂರಕ್ಕೆ ಹತ್ತು ಅಂದರೆ, ನಿಮ್ಮಂಥ ನೂರು ಜನರಲ್ಲಿ ಹತ್ತು ಜನರಿಗೆ ಹೀಗಾಗಬಹುದು ಅಂತ. ಆ ಹತ್ತರಲ್ಲಿ ನೀವಿದ್ದೀರೋ ಇಲ್ಲವೋ ಅಂತ ಆ ಅಂಕಿ ಹೇಳೋದಿಲ್ಲ. ಅದು ಜಾತಕ ಅಲ್ಲ. ಚಿಕಿತ್ಸೆ ಎಷ್ಟಿರಬೇಕು ಅಂತ ತೂಗಿ ನೋಡೋಕೆ ಇರುವ ತಕ್ಕಡಿ.

ಆ ತಕ್ಕಡಿಗೂ ಬೆಲೆ ಇದೆ. ಆ 21 ಜೀನ್‌ಗಳ ಪರೀಕ್ಷೆಯ ಖರ್ಚು ಲಕ್ಷ ದಾಟುತ್ತೆ. ಹಾಸನದ ರೈತ ಕುಟುಂಬ ಎಲ್ಲಿಂದ ತರಬೇಕು? ನಮ್ಮ ಬೆಂಗಳೂರಿನದ್ದೇ ಆಂಕೋಸ್ಟೆಮ್ ಅನ್ನೋ ಕಂಪನಿ ಇದಕ್ಕಿಂತ ಕಡಿಮೆ ಖರ್ಚಿನ ಒಂದು ಪರೀಕ್ಷೆ ತಂದಿದೆ. ಹೆಸರು ಕ್ಯಾನ್‌ಅಸಿಸ್ಟ್ ಬ್ರೆಸ್ಟ್. ಗಡ್ಡೆಯಲ್ಲಿರುವ ಐದು ಪ್ರೋಟೀನ್‌ಗಳನ್ನು ನೋಡಿ, ಗಡ್ಡೆಯ ಗಾತ್ರ, ಗ್ರೇಡ್, ಕಂಕುಳಿಗೆ ಹರಡಿದೆಯಾ ಅನ್ನೋದನ್ನೂ ಸೇರಿಸಿ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಹಿಂದೆ ಚಿಕಿತ್ಸೆ ಪಡೆದವರ ಗಡ್ಡೆಯ ಮಾದರಿಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಟೈಲರ್‌ಎಕ್ಸ್‌ನಷ್ಟು ದೊಡ್ಡ ಪ್ರಯೋಗದ ಬಲ ಇದಕ್ಕಿಲ್ಲ, ಅದನ್ನೂ ಹೇಳಿಬಿಡ್ತೀನಿ. ಆದರೆ ಪ್ರಯತ್ನ ನಮ್ಮೂರಲ್ಲೇ ನಡೆದಿದೆ.

ಇನ್ನೊಂದು ಸುದ್ದಿ ಮುಂಬೈನ ಟಾಟಾ ಮೆಮೋರಿಯಲ್‌ನಿಂದ. ಹಲ್ಲು ಕೀಳುವಾಗ ಮರಗಟ್ಟಿಸೋಕೆ ಇಂಜೆಕ್ಷನ್ ಕೊಡ್ತಾರಲ್ವಾ, ಲಿಗ್ನೋಕೇನ್? ಅದೇ ಔಷಧಿ. ಡಾ. ರಾಜೇಂದ್ರ ಬಡ್ವೆ ಅವರ ತಂಡ ದೇಶದ 11 ಕೇಂದ್ರಗಳಲ್ಲಿ 1,600 ಮಹಿಳೆಯರ ಮೇಲೆ ಅಧ್ಯಯನ ನಡೆಸಿತು. ಅರ್ಧದಷ್ಟು ಜನರಿಗೆ ಆಪರೇಷನ್‌ಗೆ ಕೆಲವೇ ನಿಮಿಷ ಮೊದಲು ಗಡ್ಡೆಯ ಸುತ್ತ ಈ ಇಂಜೆಕ್ಷನ್ ಕೊಟ್ಟರು. ಐದು ವರ್ಷದ ಹೊತ್ತಿಗೆ ಇಂಜೆಕ್ಷನ್ ಪಡೆಯದವರಲ್ಲಿ ಬದುಕಿದ್ದವರು ಶೇಕಡಾ 86.4, ಪಡೆದವರಲ್ಲಿ ಶೇಕಡಾ 90.1. 2023ರಲ್ಲಿ ಇದು ಅಂತಾರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಅಧ್ಯಯನದಿಂದ ಎಲ್ಲವೂ ಇತ್ಯರ್ಥ ಆಗೋದಿಲ್ಲ, ಬೇರೆ ಕಡೆಯೂ ಇದೇ ಫಲಿತಾಂಶ ಬರಬೇಕು. ಆದರೂ ನೂರು ರೂಪಾಯಿಯೂ ಆಗದ ಇಂಜೆಕ್ಷನ್‌ನಿಂದ ನೂರರಲ್ಲಿ ಮೂರು ನಾಲ್ಕು ಜೀವ ಉಳಿಯುತ್ತೆ ಅಂದರೆ, ಅದು ಸಣ್ಣ ಮಾತಾ?

ಈ ಎರಡೂ ಸಂಶೋಧನೆಗಳಲ್ಲಿ ಒಂದು ಷರತ್ತು ಇದೆ. ಎರಡೂ ಬೇಗ ಬಂದವರಿಗೆ. ಟೈಲರ್‌ಎಕ್ಸ್ ಕಂಕುಳಿಗೆ ಹರಡುವ ಮೊದಲೇ ಬಂದವರ ಮೇಲೆ ನಡೆದದ್ದು. ಲಿಗ್ನೋಕೇನ್ ಪ್ರಯೋಗ ನಡೆದದ್ದು ನೇರವಾಗಿ ಆಪರೇಷನ್ ಮಾಡಬಹುದಾದ ಹಂತದಲ್ಲಿ ಇದ್ದವರ ಮೇಲೆ. ತಡವಾಗಿ ಬಂದವರಿಗೆ ಡಾಕ್ಟರ ಮುಂದೆ ಇಷ್ಟು ದಾರಿಗಳು ಉಳಿಯೋದಿಲ್ಲ.

ದೊಡ್ಡಮ್ಮನಿಗೂ ಉಳಿದಿರಲಿಲ್ಲ. ಯಾವ ಕೀಮೋಗೆ ಹೆದರಿ ಏಳು ತಿಂಗಳು ಗಂಟು ಮುಚ್ಚಿಟ್ಟರೋ, ಅದೇ ಕೀಮೋವನ್ನು ಪೂರ್ತಿ ತಗೋಬೇಕಾಯಿತು. ಕೂದಲೂ ಹೋಯಿತು. ಮೂರು ವರ್ಷ ಇದ್ದರು. ಈಗಿಲ್ಲ. ಯುಗಾದಿಗೇ ಹೇಳಿದ್ದರೆ ಖಂಡಿತ ಉಳೀತಿದ್ದರು ಅಂತ ನಾನು ಹೇಳಲಾರೆ. ಆದರೆ ಅವರಿಗೆ ಕೀಮೋ ಬೇಕಾ ಬೇಡವಾ ಅನ್ನೋ ಪ್ರಶ್ನೆಯನ್ನಾದರೂ ಕೇಳಬಹುದಿತ್ತು. ಆ ಪ್ರಶ್ನೆ ಕೇಳುವ ಅವಕಾಶವನ್ನೇ ನಾವು ಕಳೆದುಕೊಂಡೆವು.

ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ನೋವಿಲ್ಲ ಅಂತ ಸುಮ್ಮನಿರಬೇಡಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯೋದಿಲ್ಲ. ಅಮ್ಮಂದಿರೇ, ಅಕ್ಕಂದಿರೇ, ಕೈಗೆ ಏನಾದರೂ ಸಿಕ್ಕರೆ ಮುಂದಿನ ಹಬ್ಬದವರೆಗೆ ಕಾಯಬೇಡಿ, ಆ ವಾರವೇ ಡಾಕ್ಟರಿಗೆ ತೋರಿಸಿ. ಗಂಡಸರೇ, ಮನೆಯ ಹೆಂಗಸರು ಈ ಮಾತನ್ನು ಬಾಗಿಲು ಹಾಕಿಕೊಂಡು ಗುಟ್ಟಾಗಿ ಹೇಳುವ ಪರಿಸ್ಥಿತಿ ತರಬೇಡಿ.

ಕೀಮೋ ತಪ್ಪಿಸಿಕೊಳ್ಳಬೇಕಾ? ಹಾಗಾದರೆ ಬೇಗ ಹೋಗಿ. ಇವತ್ತಿನ ಮಾತು ಇಷ್ಟೇ. ನಾಳೆ ಮತ್ತೆ ಸಿಗೋಣ.