ಮೊಬೈಲಿನಲ್ಲಿ ಇಂಟರ್‌ನೆಟ್: ನಾವು ಕಲಿತ ಪಾಠ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲಿನ ಸಂಘ ಶುರುವಾದಾಗ ಬಟವಾಡೆ ಅಂದ್ರೆ ನೋಟು ಎಣಿಸಿ ಕೈಗೆ ಕೊಡುವುದಾಗಿತ್ತು. ಈಗ ಹಾಲಿನ ದುಡ್ಡು ಬ್ಯಾಂಕ್ ಖಾತೆಗೆ ಬೀಳುತ್ತದೆ. 2019ರಲ್ಲಿ ಬಂದ ಕಿಸಾನ್ ಸಮ್ಮಾನ್ ಯೋಜನೆಯ 6,000 ರೂಪಾಯಿಯೂ ಮೂರು ಕಂತಿನಲ್ಲಿ ಖಾತೆಗೇ ಬರುತ್ತದೆ. ಪಹಣಿ ನೋಡುವುದು, ಚಿಂತಾಮಣಿ ಮಾರುಕಟ್ಟೆಯ ಟೊಮೆಟೊ ರೇಟು ಕೇಳುವುದು ಎಲ್ಲಾ ಮೊಬೈಲಿನಲ್ಲೇ. ದುಡ್ಡು ಇರುವ ಕಡೆ ಕಳ್ಳನೂ ಬರುತ್ತಾನೆ. ಇದು ಓದಿ ತಿಳಿದ ಮಾತಲ್ಲ. ನಾವೇ ಮೋಸ ಹೋದವರು.

ಒಂದು ಸಂಜೆ ಹಾಲು ಹಾಕಿ ಬಂದು ಕೂತಿದ್ದಾಗ ವಾಟ್ಸಾಪಿನಲ್ಲಿ ಮೆಸೇಜು ಬಂತು. ನಿಮ್ಮ ಕಿಸಾನ್ ಕಂತು ನಿಂತಿದೆ, ಇವತ್ತೇ ಕೆವೈಸಿ ಮಾಡಿ ಅಂತ. ಜೊತೆಗೊಂದು ಫೈಲು. ಬಂದದ್ದು ನೆಂಟರ ನಂಬರಿನಿಂದ, ಅನುಮಾನ ಬರಲಿಲ್ಲ. ಒತ್ತಿದೆವು. ಈ ಆ್ಯಪಿನಿಂದ ಅಪಾಯವಾಗಬಹುದು ಅಂತ ಫೋನೇ ಎಚ್ಚರಿಸಿತು. ಅದಕ್ಕೂ ಸರಿ ಅಂದೆವು. ಮೆಸೇಜು ಓದಲು ಅನುಮತಿ ಕೇಳಿತು, ಕೊಟ್ಟೆವು. ಎಟಿಎಂ ಕಾರ್ಡಿನ ನಂಬರೂ ತುಂಬಿದೆವು. ಬೆಳಿಗ್ಗೆ ನೋಡಿದರೆ ಖಾತೆಯಲ್ಲಿದ್ದ 18,400 ರೂಪಾಯಿ ಇಲ್ಲ. ಓಟಿಪಿ ನಾವು ಯಾರಿಗೂ ಹೇಳಿರಲಿಲ್ಲ. ಆ ಆ್ಯಪೇ ಓದಿ ಕಳ್ಳರಿಗೆ ಕಳಿಸಿತ್ತು.

ದೊಡ್ಡ ತಪ್ಪು ಮಾಡಿದ್ದು ಆಮೇಲೆ. ಡೈರೆಕ್ಟರೇ ಮೋಸ ಹೋದರು ಅಂತ ಜನ ನಗ್ತಾರೆ ಅನ್ನಿಸಿ ಎರಡು ದಿನ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅದೇ ಮೆಸೇಜು ನಮ್ಮ ಹೆಸರಿನಲ್ಲಿ ಊರಿಗೆಲ್ಲ ಹೋಗಿತ್ತು. ನಮ್ಮ ಮೇಲಿನ ನಂಬಿಕೆಯಿಂದ, ಎರಡು ಹಸು ಕಟ್ಟಿಕೊಂಡು ಜೀವನ ಮಾಡುವ ಸದಸ್ಯೆಯೊಬ್ಬರು ಒತ್ತಿದರು. ಅವರ ಹದಿನೈದು ದಿನದ ಹಾಲಿನ ದುಡ್ಡು ಹೋಯಿತು. ದುಡ್ಡನ್ನೇನೋ ನಾವು ತುಂಬಿಕೊಟ್ಟೆವು. ಆದರೆ ಆ ತಾಯಿಯ ಮುಂದೆ ನಿಂತಾಗ ಆದ ಸಂಕಟ ಇನ್ನೂ ಹೋಗಿಲ್ಲ. ಅದಕ್ಕೇ ಇವತ್ತು ಮೈಕಿನ ಮುಂದೆ ನಿಂತಿದ್ದೇವೆ.

ಕಲಿತದ್ದು ಇಷ್ಟು. ಬಂದ ಲಿಂಕಿನ ಹಿಂದೆ ಹೋಗಬಾರದು. ಬೇಕಾದ ವಿಳಾಸ ನಾವೇ ಟೈಪು ಮಾಡಬೇಕು. ಕೇಂದ್ರ, ರಾಜ್ಯ ಸರ್ಕಾರದ ವಿಳಾಸಗಳು ಸಾಮಾನ್ಯವಾಗಿ 'ಡಾಟ್ ಗವ್ ಡಾಟ್ ಇನ್' ಎಂದು ಮುಗಿಯುತ್ತವೆ. ಬ್ಯಾಂಕುಗಳು 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಸೂಚಿಸಿತು. ಹೆಸರಿನಲ್ಲಿ ಎಲ್ಲೋ ಒಂದು ಕಡೆ 'ಗವ್' ಇದ್ದರೆ ಸಾಲದು, ಕೊನೆ ನೋಡಬೇಕು.

ಬೀಗದ ಗುರುತು ಇದ್ದರೆ ಭಯವಿಲ್ಲ ಅಂತ ಕೆಲವರು ಹೇಳ್ತಾರೆ. ಅದು ಹಾಲಿನ ಕ್ಯಾನಿನ ಮುಚ್ಚಳ ಇದ್ದಂಗೆ. ದಾರಿಯಲ್ಲಿ ಯಾರೂ ಕೈ ಹಾಕದಂತೆ ಕಾಯುತ್ತದೆ. ಒಳಗಿರುವುದು ಹಾಲೋ ನೀರೋ ಮುಚ್ಚಳ ಹೇಳುವುದಿಲ್ಲ. ಕಳ್ಳರ ವಿಳಾಸಕ್ಕೂ ಬೀಗ ಇರುತ್ತದೆ.

ಎಪಿಕೆ ಅಂತ ಮುಗಿಯುವ ಫೈಲು ಯಾರೇ ಕಳಿಸಲಿ, ಒತ್ತಬೇಡಿ. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರಿನಿಂದ ತೆಗೆದುಕೊಳ್ಳಿ, ಅಲ್ಲೂ ಮಾಡಿದವರ ಹೆಸರು ನೋಡಿ. ಬ್ಯಾಂಕಿನ ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕದೆ ಪಾಸ್‌ಬುಕ್ಕಿನಲ್ಲಿ ನೋಡಿ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ. ಕೇಳಿದರೆ ಮೋಸವೆಂದೇ ತಿಳಿಯಿರಿ.

ಇಷ್ಟಾದರೂ ಮೋಸವಾದರೆ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಕೂಡಲೇ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೂ ತಿಳಿಸಿ ಖಾತೆ, ಕಾರ್ಡು ನಿಲ್ಲಿಸಿ. ಬ್ಯಾಂಕಿನಿಂದ ಬಂದ ಮೆಸೇಜುಗಳನ್ನು ಅಳಿಸಬೇಡಿ, ದೂರಿಗೆ ಬೇಕು. ಹೋದ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ. ಬೇಗ ಹೇಳಿದರೆ ನಡುವೆ ತಡೆಯುವ ಅವಕಾಶ ಉಂಟು. ನಾವು ಎರಡು ದಿನ ಬಿಟ್ಟು ಹೇಳಿದೆವು, ಅಷ್ಟರಲ್ಲಿ ಎಲ್ಲಾ ಹೋಗಿತ್ತು.

ಕೊನೆಯದಾಗಿ ಒಂದು ಮಾತು. ಮೋಸ ಹೋದವರನ್ನು ನೋಡಿ ನಗಬೇಡಿ. ನಗುತ್ತಾರೆಂಬ ಹೆದರಿಕೆಯೇ ಕಳ್ಳರಿಗೆ ಸಹಾಯ. ಒಬ್ಬರಿಗೆ ಆದದ್ದು ಸಂಜೆಯೊಳಗೆ ಹಾಲು ಹಾಕುವ ಸಾಲಿನಲ್ಲಿ ಎಲ್ಲರಿಗೂ ಗೊತ್ತಾಗಬೇಕು. ಒಬ್ಬರ ಕಷ್ಟಕ್ಕೆ ಹತ್ತು ಜನ ಆಗುವುದೇ ತಾನೇ ಸಹಕಾರ?

 ಜೈ ಸಹಕಾರ.