ಗಣೇಶನ ಚಂದಾದಲ್ಲಿ ಕನ್ನಡ ಶಾಲೆಗೂ ಪಾಲಿರಲಿ

ಕನ್ನಡದ ಯುವ ಗೆಳೆಯರೇ,

ಭಾದ್ರಪದದ ಚೌತಿ ಬಂತೆಂದರೆ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಪೆಂಡಾಲ್ ಏಳುತ್ತದೆ. ರಸೀದಿ ಪುಸ್ತಕ ಹಿಡಿದು ನೀವು ಮನೆಮನೆಗೆ ಹೊರಡುತ್ತೀರಿ. ಹೊರಡುವ ಮೊದಲು ನನ್ನದೆರಡು ಮಾತು ಕೇಳಿ.

ಗಣೇಶ ದೇವರಮನೆಯಿಂದ ಬೀದಿಗೆ ಬಂದದ್ದು ಸುಮ್ಮನೆ ಅಲ್ಲ. 1893ರಲ್ಲಿ ಲೋಕಮಾನ್ಯ ತಿಲಕರು ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ಬಲ ತುಂಬಿದರು. ಬ್ರಿಟಿಷರ ಆಳ್ವಿಕೆಯಲ್ಲಿ ಜನ ಒಂದೆಡೆ ಸೇರಿ ನಾಡಿನ ಚಿಂತೆ ಮಾಡಲು ಅದೊಂದು ನೆಲೆಯಾಯಿತು. ಬೀದಿ ಗಣೇಶನ ಜೊತೆಗೇ ಸಮಾಜದ ಕೆಲಸವೂ ಹುಟ್ಟಿತು. ಇಂದು ನಮ್ಮ ಎಷ್ಟು ಪೆಂಡಾಲುಗಳಲ್ಲಿ ಆ ಕೆಲಸ ಉಳಿದಿದೆ? ಮೈಕು, ಆರ್ಕೆಸ್ಟ್ರಾ, ಪಟಾಕಿ. ಗಣೇಶನನ್ನು ಬಿಟ್ಟು ಬಂದ ಮಾರನೆಯ ದಿನ ಉಳಿಯುವುದು ಕಸ ಮಾತ್ರ!

ಅದೇ ಬೀದಿಯ ಕೊನೆಯಲ್ಲಿ ಸರ್ಕಾರಿ ಕನ್ನಡ ಶಾಲೆಯಿದೆ. ಅದರತ್ತ ಒಮ್ಮೆ ನೋಡಿ.

1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಊರೂರು ಸುತ್ತಿದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಲಿ ಎಂದು. 1994ರಲ್ಲಿ ಸರ್ಕಾರ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಆಗಬೇಕೆಂದು ಆದೇಶ ಹೊರಡಿಸಿತು. ಆದರೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ, ಆಯ್ಕೆ ಪೋಷಕರದು ಎಂದು ತೀರ್ಪು ಕೊಟ್ಟಿತು. ಇನ್ನು ಆದೇಶದ ಬಲದಿಂದ ಕನ್ನಡ ಶಾಲೆ ತುಂಬುವುದಿಲ್ಲ. ತಂದೆ ತಾಯಿ ಮನಸ್ಸು ಮಾಡಬೇಕು. ಅವರು ಮನಸ್ಸು ಮಾಡಬೇಕಾದರೆ ಆ ಶಾಲೆಯ ಬೆನ್ನಿಗೆ ಇಡೀ ಬೀದಿ ನಿಂತಿದೆ ಎಂಬುದು ಕಣ್ಣಿಗೆ ಕಾಣಬೇಕು.

ಲೆಕ್ಕ ಹಾಕೋಣ. ನಿಮ್ಮ ಬೀದಿಯಲ್ಲಿ 200 ಮನೆ, ಮನೆಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಕೂಡಿದ್ದು 40,000. ಅದರಲ್ಲಿ ಕಾಲು ಭಾಗ, 10,000 ರೂಪಾಯಿ, ಶಾಲೆಗೆ ತೆಗೆದಿಡಿ. 40 ರೂಪಾಯಿಯ ನೋಟ್‌ಪುಸ್ತಕ 250 ಬರುತ್ತದೆ. ಮಗುವಿಗೆ ಆರರಂತೆ 40 ಮಕ್ಕಳಿಗೆ ಕೊಟ್ಟು ಹತ್ತು ಪುಸ್ತಕ ಮಿಗುತ್ತದೆ. ಒಂದು ರಾತ್ರಿಯ ಆರ್ಕೆಸ್ಟ್ರಾ ಕೈಬಿಟ್ಟರೆ ಸಾಕು! ಜೂನ್‌ನಲ್ಲಿ ಕೊಂಡ ಪುಸ್ತಕ ಮುಗಿಯುತ್ತಾ ಬರುವುದೂ ಹಬ್ಬದ ಹೊತ್ತಿಗೇ.

ಕೆಲಸಕ್ಕೊಂದು ಕ್ರಮವಿರಲಿ. ಮೊದಲು ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ ಕಂಡು ಏನು ಕೊರತೆಯಿದೆ ಎಂದು ಕೇಳಿ. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಸರ್ಕಾರದ ಹೊಣೆ. ಅದು ಬಾರದಿದ್ದರೆ ಸರ್ಕಾರವನ್ನೇ ಕೇಳೋಣ. ಉಳಿದ ಕೊರತೆಯನ್ನು ನಾವು ತುಂಬೋಣ. ರಸೀದಿ ಕನ್ನಡದಲ್ಲಿರಲಿ. ಶಾಲೆಯ ಪಾಲು ಎಷ್ಟೆಂದು ಅದರಲ್ಲೇ ಅಚ್ಚಾಗಿರಲಿ. ಜಮಾ ಖರ್ಚನ್ನು ಪೆಂಡಾಲಿನ ಹಲಗೆಯ ಮೇಲೆ ಬರೆಯಿರಿ. ಹಣ ಒಬ್ಬನ ಜೇಬಿನಲ್ಲಿ ಇರಕೂಡದು, ಇಬ್ಬರ ಸಹಿಯಿಲ್ಲದೆ ಒಂದು ಪೈಸೆಯೂ ಹೊರಹೋಗಕೂಡದು.

ಬಲವಂತದ ವಸೂಲಿಯಂತೂ ಬೇಡವೇ ಬೇಡ. ರಸ್ತೆಗೆ ಹಗ್ಗ ಕಟ್ಟಿ ಗಾಡಿ ತಡೆಯುವವನು ಗಣೇಶನಿಗೂ ಕನ್ನಡಕ್ಕೂ ಕೆಟ್ಟ ಹೆಸರು ತರುತ್ತಾನೆ. ಕನ್ನಡ ಬಾರದ ಅಂಗಡಿಯವರ ಹತ್ತಿರವೂ ನಗುಮುಖದಿಂದ ಕನ್ನಡದಲ್ಲೇ ಕೇಳಿ. ಕೊಟ್ಟರೆ ನಮಸ್ಕಾರ, ಕೊಡದಿದ್ದರೂ ನಮಸ್ಕಾರ.

ಇನ್ನೊಂದು ಮಾತು. ಮಕ್ಕಳನ್ನು ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ, ಪುಸ್ತಕ ಕೊಟ್ಟು ಫೋಟೋ ತೆಗೆಸಿಕೊಳ್ಳಬೇಡಿ. ಅವರು ಭಿಕ್ಷೆಗೆ ಬಂದವರಲ್ಲ. ಪುಸ್ತಕವನ್ನು ಶಾಲೆಗೆ ತಲುಪಿಸಿ, ಮೇಷ್ಟ್ರ ಕೈಯಿಂದಲೇ ಹಂಚಿಸಿ. ಆ ಮಗು ಕಟ್ಟಡದ ಕೆಲಸಕ್ಕೆಂದು ರಾಯಚೂರಿನಿಂದ ಬಂದವರದ್ದಿರಬಹುದು. ಮನೆಮಾತು ತೆಲುಗೋ, ತಮಿಳೋ, ಉರ್ದುವೋ ಆಗಿರಬಹುದು. ಕನ್ನಡ ಶಾಲೆಯ ಬೆಂಚಿನಲ್ಲಿ ಕೂತ ಮೇಲೆ ಅದು ಕನ್ನಡದ ಮಗು. ಜಾತಿ, ಧರ್ಮ ಕೇಳುವವನು ಈ ಕೆಲಸಕ್ಕೆ ಬರುವುದು ಬೇಡ.

ಕನ್ನಡ ಉಳಿಸಿ ಎಂದು ಗೋಡೆಯ ಮೇಲೆ ಬರೆಯುವುದು ಸುಲಭ. ಕನ್ನಡ ಬರೆಯುವ ಮಗುವಿನ ಕೈಗೆ ಪುಸ್ತಕ ಕೊಡುವುದು ಅದಕ್ಕಿಂತ ದೊಡ್ಡ ಹೋರಾಟ. ಈ ಚೌತಿಗೆ ನಿಮ್ಮ ಬೀದಿಯಿಂದ ಶುರುವಾಗಲಿ. ನವೆಂಬರ್ 1ರಂದು ಬಾವುಟ ಹಾರಿಸಲು ಅದೇ ಶಾಲೆಯ ಅಂಗಳಕ್ಕೆ ಬನ್ನಿ. ಖರ್ಚಿನ ಲೆಕ್ಕ ಓದಿ ಹೇಳಿ, ಆಮೇಲೆ ಬಾವುಟ ಏರಿಸಿ.

ಜೈ ಕನ್ನಡಾಂಬೆ!