ಕೋಟೆಯ ಇಗರ್ಜಿ, ಪೇಟೆಯ ಇಗರ್ಜಿ

(ಸಾಸವಡದ ಕನ್ನಡಿಗರ ಸ್ನೇಹಕೂಟದಲ್ಲಿ ಮಾಡಿದ ಭಾಷಣ)



ಸೋಪಾನದೇವರ ಸಮಾಧಿಯಿರುವ ಊರಿನಲ್ಲಿ ಇಗರ್ಜಿಯ ವಿಷಯವನ್ನೆತ್ತುವುದು ವಿಚಿತ್ರವೆನಿಸಬಹುದು. ಜ್ಞಾನೇಶ್ವರರ ಪಾಲಖಿ ದಿವೆ ಘಾಟವನ್ನೇರಿ ಬಂದು ಇಲ್ಲಿ ತಂಗುವ ವೈಭವವನ್ನಾಗಲಿ, ಆಚಾರ್ಯ ಅತ್ರೆಯವರ ಬಾಲ್ಯವನ್ನಾಗಲಿ ವರ್ಣಿಸಲು ನನಗಿಂತ ಬಲ್ಲವರು ಈ ಸಭೆಯಲ್ಲಿದ್ದಾರೆ. ನಾನು ಕ್ರೈಸ್ತನೂ ಅಲ್ಲ. ಆದರೆ ಧಾರವಾಡದಿಂದ ಬಂದಿದ್ದ ನನ್ನ ಸೋದರಳಿಯನನ್ನು ಪುರಂದರ ಕೋಟೆಗೆ ಕರೆದೊಯ್ದಾಗ ಅವನು ಕೇಳಿದ ಪ್ರಶ್ನೆಯೊಂದು ನನ್ನನ್ನು ಕಾಡುತ್ತಿದೆ. ಮಾಚಿಯ ಮೇಲಿನ ಹಳೆಯ ಕಲ್ಲಿನ ಇಗರ್ಜಿಯನ್ನು ನೋಡಿ, "ಮಾಮಾ, ಇದರ ಮಂದಿ ಎಲ್ಲೀಗ್ ಹೋದ್ರು?" ಎಂದ.

ಸಂಭಾಜಿ 1657ರಲ್ಲಿ ಜನಿಸಿದ, ಶಿವಾಜಿ ಮಹಾರಾಜರು 1665ರಲ್ಲಿ ಮಿರ್ಜಾ ರಾಜಾ ಜಯಸಿಂಗನೊಡನೆ ಒಪ್ಪಂದ ಮಾಡಿಕೊಂಡ ಕೋಟೆಯದು. 1818ರಲ್ಲಿ ಇಂಗ್ಲಿಷರ ವಶವಾಯಿತು. ನಾಲ್ಕು ಸಾವಿರ ಅಡಿಗೂ ಮಿಗಿಲಾದ ಎತ್ತರದ ತಂಪು ಹವೆಯನ್ನು ಮೆಚ್ಚಿ ಅವರು ಅಲ್ಲಿ ತಮ್ಮ ಸೈನಿಕರಿಗೆ ಆರೋಗ್ಯಧಾಮ ಮಾಡಿದರು, ಇಗರ್ಜಿಯನ್ನೂ ಕಟ್ಟಿದರು. ಗೋಡೆ ಗಟ್ಟಿಯಾಗಿಯೇ ಇತ್ತು. ಆದರೆ ಅಲ್ಲಿ ಪ್ರಾರ್ಥಿಸಿದವರೆಲ್ಲ ಹೋಗಲೆಂದೇ ಬಂದವರು. ಅವರು ಹೋದರು, ಕಟ್ಟಡ ಉಳಿಯಿತು.

ಇಲ್ಲಿಂದ ಮೂವತ್ತು ಕಿಲೋಮೀಟರಿನಾಚೆ, ಪುಣೆಯ ಕ್ವಾರ್ಟರ್ ಗೇಟಿನ ಬಳಿ ಇರುವ ಸಿಟಿ ಚರ್ಚಿನ ಕಥೆ ಬೇರೆ. ಪೇಶ್ವೆಯ ಸೈನ್ಯದಲ್ಲಿ ಗೋವೆಯ ಕ್ರೈಸ್ತ ಸಿಪಾಯಿಗಳಿದ್ದರು. ಅವರ ಆರಾಧನೆಗೆಂದು ಸವಾಯಿ ಮಾಧವರಾಯ ಪೇಶ್ವೆ ಭೂಮಿಯನ್ನು ಕೊಟ್ಟನು. 1792ರಲ್ಲಿ ಇಗರ್ಜಿ ಆರಂಭವಾಯಿತು. ಶನಿವಾರವಾಡೆಯ ಬ್ರಾಹ್ಮಣ ಪ್ರಭುವು ಪರಸ್ಥಳದ, ಪರಧರ್ಮದ ಸಿಪಾಯಿಗಳಿಗೆ ನೆಲ ನೀಡಿದ ಈ ಸಂಗತಿಯನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಪೇಶ್ವೆಯ ರಾಜ್ಯ ಅಳಿಯಿತು, ಆ ಸೈನ್ಯವೂ ಅಳಿಯಿತು. ಇಗರ್ಜಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ.

ಈ ಪುಣೆಯೊಡನೆ ನಮ್ಮವರಿಗೂ ಒಂದು ನಂಟಿತ್ತು. 1886ರಲ್ಲಿ ಪುಣೆ ಧರ್ಮಪ್ರಾಂತ ಸ್ಥಾಪನೆಯಾದಾಗ ಧಾರವಾಡ, ವಿಜಾಪುರ ಜಿಲ್ಲೆಗಳೂ ಅದಕ್ಕೆ ಸೇರಿದ್ದವು; ಅಲ್ಲಿಯ ಕನ್ನಡ ಕ್ಯಾಥೊಲಿಕರಿಗೆ ಪುಣೆಯ ಬಿಷಪ್ಪರೇ ಧರ್ಮಗುರುಗಳು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಬೇರೆಯಾಯಿತು, ಅಂದರೆ ರಾಜ್ಯ ಪುನರ್ವಿಂಗಡಣೆಗೂ ಮೂರು ವರ್ಷ ಮುಂಚೆ. ಆಗಿನ್ನೂ ಪೂಜೆಯ ಭಾಷೆ ಲ್ಯಾಟಿನ್. ಎಲ್ಲರಿಗೂ ಸಮಾನವಾಗಿ ಅಪರಿಚಿತವೆನ್ನೋಣ! 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಜನಭಾಷೆಗಳು ಪೂಜಾಪೀಠವನ್ನೇರಿದವು. ಅಂದಿನಿಂದ ಗಡಿಯಾಚೆ ನೆಲೆಸಿದವನಿಗೆ ಹೊಸ ಪ್ರಶ್ನೆಯೊಂದು ಹುಟ್ಟಿತು: ನನ್ನ ಮಾತಿನಲ್ಲಿ ಪ್ರಾರ್ಥಿಸಲು ಇಲ್ಲಿ ಎಷ್ಟು ಮಂದಿ ಇದ್ದೇವೆ?

ಬಂಧುಗಳೆ, ಈ ಪ್ರಶ್ನೆ ನಮ್ಮದೂ ಹೌದು. ನವೆಂಬರದಲ್ಲಿ ರಾಜ್ಯೋತ್ಸವ, ಒಂದು ಭಾಷಣ, ಒಂದು ಊಟ. ನಮ್ಮ ಕೂಡುವಿಕೆ ಅಷ್ಟಕ್ಕೇ ಮುಗಿಯುತ್ತದೆ. ಇಗರ್ಜಿಯ ಬಾಳುವೆಯನ್ನು ನೋಡಿ. ವಾರಕ್ಕೊಮ್ಮೆ ಜನ ಸೇರುತ್ತಾರೆ. ಮಕ್ಕಳಿಗೆ ಧರ್ಮೋಪದೇಶದ ತರಗತಿಯಿರುತ್ತದೆ. ಹುಟ್ಟಿದ ಕೂಸಿನ ಜ್ಞಾನಸ್ನಾನ, ಮದುವೆ, ಮರಣಗಳೆಲ್ಲ ದಾಖಲೆಯ ಪುಸ್ತಕಕ್ಕೆ ಏರುತ್ತವೆ. ಕಳೆದ ಶ್ರಾವಣದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡದ್ದು ನನಗೆ ತಿಳಿದದ್ದು ಹದಿಮೂರನೆಯ ದಿನ, ಅದೂ ಮರಾಠಿ ನೆರೆಯವರಿಂದ. ಅವರ ಮನೆ ನಮ್ಮ ಮನೆಯಿಂದ ಎರಡು ಓಣಿಗಳಾಚೆ. ತಪ್ಪು ನನ್ನದೇ.

ನಮ್ಮಲ್ಲಿ ಅನೇಕರು ನಿವೃತ್ತಿಯ ಬಳಿಕ ಊರಿಗೆ ಮರಳುವೆವೆಂದು ಹೇಳುತ್ತ ಇಲ್ಲಿಯೇ ಮನೆ ಕಟ್ಟಿದವರು; ನಾನೂ ಅವರಲ್ಲೊಬ್ಬ. ಮಕ್ಕಳು ತಮ್ಮತಮ್ಮಲ್ಲಿ ಮರಾಠಿ ಮಾತನಾಡುತ್ತಾರೆ. ಮಾತನಾಡಲಿ, ಅದು ಅವರ ಊರಿನ ಭಾಷೆ. ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಕನ್ನಡಕ್ಕೆಂದು ವಾರದಲ್ಲಿ ಒಂದು ಗಂಟೆಯನ್ನೂ ನಾವು ಅವರಿಗೆ ಕೊಟ್ಟಿಲ್ಲ.

ಆದುದರಿಂದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಕನ್ನಡ ಓದಿಸಬೇಕೆಂದಿದ್ದೇನೆ. ಒಂದು ದಾಖಲೆ ಪುಸ್ತಕವನ್ನೂ ತಂದಿದ್ದೇನೆ. ಮೊದಲ ಸಾಲಿನಲ್ಲಿ ತೀರಿಹೋದ ಆ ಹಿರಿಯರ ಹೆಸರಿದೆ. ಪುಸ್ತಕ ಚಹಾದ ಮೇಜಿನ ಮೇಲಿದೆ, ಪೆನ್ನು ಅಲ್ಲಿಯೇ ಇದೆ. ಹೋಗುವ ಮುನ್ನ ತಮ್ಮ ಮನೆಯವರ ಹೆಸರುಗಳನ್ನು ಬರೆದು ಹೋಗಬೇಕೆಂದು ವಿನಂತಿ.